ಸಂಜೆಯಾದರೆ ಬೀಳುವ ರೆಪ್ಪೆ

ಗುಂಡ್ಲುಪೇಟೆಯ ಶಿವನಂಜಮ್ಮನ ಎಡಗಣ್ಣಿನ ರೆಪ್ಪೆ ಬೆಳಿಗ್ಗೆ ಸರಿಯಾಗಿಯೇ ಇರುತ್ತಿತ್ತು, ಸಂಜೆಯಾದರೆ ತಾನಾಗಿಯೇ ಜೋತುಬೀಳುತ್ತಿತ್ತು. ಮಠದ ಸ್ವಾಮಿಗಳಿಗೇ ಕಣ್ಣು ಹೊಡೆದಳೆಂದು ಬೀದಿಯೆಲ್ಲ ಗುಲ್ಲಾಯಿತು. ಸ್ವಾಮಿಗಳೇನೂ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಆಮೇಲೆ ಅವಳಿಗೆ ಎದುರಿಗಿದ್ದದ್ದೆಲ್ಲ ಎರಡೆರಡಾಗಿ ಕಾಣತೊಡಗಿತು.

"ಒಬ್ಬ ಗಂಡನ್ನ ಸಂಬಾಳಿಸೇ ಸಾಕಾಗೋಗದೆ, ಈಗ ಇಬ್ಬಿಬ್ರು ಕಾಣ್ತಾವ್ರೆ! ಆಸ್ಪತ್ರೆಗೆ ಓಗನ ನಡೀರಿ," ಎಂದು ಗಂಡ ಗುರುಮಲ್ಲಪ್ಪನನ್ನು ಹೊರಡಿಸಿದಳು.

ಚಾಮರಾಜನಗರದ ಕಣ್ಣಿನ ಡಾಕ್ಟರಮ್ಮ ಜೋತುಬಿದ್ದ ರೆಪ್ಪೆಯ ಮೇಲೆ ಸ್ವಲ್ಪ ಹೊತ್ತು ಐಸ್ ಇಟ್ಟು ತೆಗೆದರು. ರೆಪ್ಪೆ ಮೇಲೆದ್ದಿತ್ತು! ಅವರಿಗೆ ಬಂದ ಅನುಮಾನವನ್ನು ರಕ್ತಪರೀಕ್ಷೆಯೂ ಖಾತ್ರಿ ಮಾಡಿತು.

"ಇದು ಬರೀ ಕಣ್ಣಿನ ಕಾಯಿಲೆ ಅಲ್ಲ, ಅಮ್ಮಾ. ನಿಮ್ಮನ್ನ ಕಾಯಬೇಕಾದ ದೇಹದ ಕಾವಲು ಪಡೆಯೇ ದಾರಿತಪ್ಪಿ ಸ್ನಾಯುಗಳ ಮೇಲೆ ಬಿದ್ದಿದೆ. ಮಯಸ್ತೀನಿಯಾ ಅಂತ, ಬಹಳ ಅಪರೂಪ. ನುಂಗೋಕೆ, ಉಸಿರಾಡೋಕೆ ಕಷ್ಟ ಆದರೆ ತಕ್ಷಣ ಬನ್ನಿ."

ಶಿವನಂಜಮ್ಮ ಹೆದರಿ ಗಂಡನ ಕೈ ಹಿಡಿದುಕೊಂಡಳು. ಆದರೆ ಡಾಕ್ಟರಮ್ಮ ಕೊಟ್ಟ ಮಾತ್ರೆ ನುಂಗುತ್ತ ನುಂಗುತ್ತ, ಅವಳು ರಾತ್ರಿ ಮಲಗುವವರೆಗೂ ರೆಪ್ಪೆ ನೆಟ್ಟಗೆ ನಿಲ್ಲತೊಡಗಿತು. ಭಯ ಹೋಗಿ ಜಂಬ ಬಂತು. ನಾದಿನಿ ಗೌರಮ್ಮಣ್ಣಿ ಒಂದು ದಿನ ತನ್ನ ಶುಗರ್ ಪುರಾಣ ತೆಗೆದಾಗ ಕೈಯೆತ್ತಿ ತಡೆದಳು.

"ಸುಮ್ನಿರು ಕಣಮ್ಮಿ. ಶುಗರ್ರು ಬೀದೀಲಿ ಓಗೋರ್ಗೆಲ್ಲ ಬತ್ತದೆ. ನನ್ ಕಾಯ್ಲೆ ಎಸ್ರು ಏಳಕ್ಕೂ ನಿನ್ ನಾಲ್ಗೆ ತಿರುಗಕ್ಕಿಲ್ಲ!"