ಸುಳ್ಳುಮೀನಿನ ಬಣ್ಣ

ಬೆರಳಿಗೆ ಏನೋ ತೊಡರಿತು. ಉಗ್ರಾಣದ ನೆಲದ ಮೇಲೆ ಕೂತು ಗಂಡನ ಗಾಳದ ಪೆಟ್ಟಿಗೆ ತಡಕುತ್ತಿದ್ದವಳು, ಕೈಗೆ ಸಿಕ್ಕ ಮರದ ಸುಳ್ಳುಮೀನಿನ ಬಾಲವನ್ನು ಮತ್ತೊಮ್ಮೆ ಸವರಿದಳು. ದಾರ. ದಾರದಲ್ಲಿ ಮೂರು ಗಂಟು. ಇನ್ನೊಂದನ್ನೆತ್ತಿದಳು, ಅದಕ್ಕೆ ಒಂದೇ ಗಂಟು. ಮತ್ತೊಂದಕ್ಕೆ ನಾಲ್ಕು. ಸಾಸಿವೆಯಷ್ಟು ಚಿಕ್ಕವು, ಅಳೆದು ಹಾಕಿದ ಹಾಗೆ ಒಂದರ ಪಕ್ಕ ಒಂದು. ನಲವತ್ತು ವರ್ಷ ಬೀಗ ರಿಪೇರಿ ಮಾಡಿ ದಪ್ಪಗಾದ ಗಂಡನ ಬೆರಳು ಹಾಕಿದ ಗಂಟಲ್ಲ ಇದು. ಹೆಂಗಸಿನ ಕೈ.

“ಅಮ್ಮಾ, ಸಿಕ್ತಾ?” ಮಗಳು ಬಾಗಿಲಲ್ಲಿ ಇಣುಕಿದಳು. “ಅಪ್ಪನ ಜೇಬಲ್ಲಿ ಒಂದನ್ನಾದ್ರೂ ಇಟ್ಟು ಕಳಿಸೋಣ ಅಂತಿದಾರೆ ಕೊಕ್ಕರೆ ಮಾಮ. ಗಾಡಿ ಬರೋ ಹೊತ್ತಾಯ್ತು.”

“ಬರ್ತೀನಿ, ನಡಿ.”

ನಡುಮನೆಯಲ್ಲಿ ಗಂಡನ ಹೆಣ ಮಲಗಿಸಿ ತಲೆದೆಸೆಗೆ ದೀಪ ಹಚ್ಚಿದ್ದರು. ಪಕ್ಕದಲ್ಲಿ ಉದ್ದ ಕಾಲು ಮಡಚಿಕೊಂಡು ಕೂತಿದ್ದ ಕೊಕ್ಕರೆ, ಕೆರೆಯ ದಂಡೆಯಲ್ಲಿ ಮೂವತ್ತು ವರ್ಷದ ಜೊತೆಗಾರ, ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದ.

“ಬಿಸಿಲಿದ್ದು ತಿಳಿನೀರಾದ್ರೆ ಹಸಿರು, ಮೋಡಕ್ಕೆ ಬಿಳೀದು, ಕೆಸರಿಗೆ ಕರೀದು. ಬಾಯಿಪಾಠ ನಮಗೂ ಬರುತ್ತೆ. ಆದ್ರೆ ಬಣ್ಣ ಆರಿಸೋದ್ರಲ್ಲಿ ಅಣ್ಣನ ಕಣ್ಣೇ ಕಣ್ಣು! ನಾವು ಡಬ್ಬಿ ಮುಚ್ಚಳ ತೆಗೆಯೋ ಹೊತ್ತಿಗೆ ಅವರ ಗಾಳದಲ್ಲಿ ದೊಡ್ಡಬಾಯಿ ಕುಣೀತಿರ್ತಿತ್ತು.”

ದೊಡ್ಡಬಾಯಿ ಎಂದರೆ ಅಂಗಡಿಯವರು ಬಾಸ್ ಎಂದು ಮಾರುವ ಮೀನು. ಜೀವಂತ ಹುಳಕ್ಕೆ ಮೂತಿ ತಿರುವಿ, ಮರದಲ್ಲಿ ಕೆತ್ತಿ ಬಣ್ಣ ಬಳಿದ ಸುಳ್ಳುಮೀನಿಗೆ ಹಾರಿಬೀಳುವ ಪೆದ್ದು.

ಕಣ್ಣಂತೆ ಕಣ್ಣು! ಉಗ್ರಾಣದಲ್ಲಿ ಕೇಳಿಸಿಕೊಂಡವಳು ಪೆಟ್ಟಿಗೆ ಮುಚ್ಚಿ ಹೊರಬಂದಳು.

*

ಮದುವೆಯಾದ ಮೂರನೇ ವಾರ ಗಂಡ ಕೆಂಪು ಸುಳ್ಳುಮೀನು ಹಿಡಿದುಕೊಂಡು, “ಈ ಹಸಿರಿಗೆ ಯಾಕೋ ಒಂದೂ ಕಚ್ಚಲ್ಲ” ಎಂದಿದ್ದ. ಅವಳು ನಕ್ಕಳು. ಆತ ನಗಲಿಲ್ಲ. ಕೆಂಪು, ಹಸಿರು ಎರಡೂ ಆತನಿಗೆ ಒಣಗಿದೆಲೆಯ ಬಣ್ಣ. ನೀಲಿ, ಹಳದಿ ಮಾತ್ರ ನೆಟ್ಟಗೆ ಕಾಣುತ್ತಿದ್ದವು. ರೈಲಿನ ಕೆಲಸ ತಪ್ಪಿ ಬೀಗದ ಅಂಗಡಿ ಹಾಕಿದ್ದೂ ಅದರಿಂದಲೇ.

“ಯಾರಿಗೂ ಹೇಳ್ಬೇಡ ಕಣೇ. ಆಡ್ಕೊಂಡು ನಗ್ತಾರೆ.”

ಅಂದಿನಿಂದ ಹೊರಡುವ ಮುಂಚೆ ಆತ ನೀರು ಹೇಗಿದೆ, ಮುಗಿಲು ಹೇಗಿದೆ ಹೇಳುವುದು. ಅವಳು ಬಣ್ಣ ಆರಿಸಿ ಕೈಗಿಡುವುದು. ಮಗಳಿಗೂ ತಿಳಿಯದಂತೆ ನಡೆದುಬಂದ ಸಂಸಾರ ಅದು.

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ, “ಕೆಸರು ನೀರು, ಕರೀದು ಕೊಡು” ಎಂದ. ಕೊಟ್ಟಳು. ಆತ ಅದನ್ನು ಕಿಟಕಿಗೆ ಒಯ್ದು ಹೊರಳಿಸಿ ನೋಡಿದ. ಆಮೇಲೆ ಅವಳ ಮುಖ ನೋಡಿದ. ಚೀಲ ಹೆಗಲಿಗೇರಿಸಿ ಹೋದ. ಮರುದಿನದಿಂದ, “ನೀನು ಮಲ್ಕೋ, ನಾನೇ ನೋಡ್ಕೋತೀನಿ.”

ಆದರೂ ಚೀಲ ತುಂಬಿಯೇ ಬರುತ್ತಿತ್ತು. ಕಾಣದವನಿಗೆ ಕಾಣಿಸಿಕೊಡುವವರು ಯಾರೋ ಸಿಕ್ಕಿದ್ದಾರೆ. ಅಂದು ಮನಸ್ಸಿಗೆ ಹೊಕ್ಕ ಮುಳ್ಳು ಒಳಗೇ ಮುರಿದುಕೊಂಡಿತ್ತು.

*

ಬಂದ ಹೆಂಗಸರು ಒಬ್ಬೊಬ್ಬರಾಗಿ ಅವಳ ಕೈ ಹಿಡಿದು ಸಮಾಧಾನ ಹೇಳಿದರು. ಅವಳು ಮಾತು ಕೇಳಲಿಲ್ಲ, ಬೆರಳು ಕೇಳಿದಳು. ಟೀಚರಮ್ಮನ ಕೈ ಅರಳೆಯ ಹಾಗೆ, ಸೂಜಿ ಹಿಡಿದದ್ದಲ್ಲ. ಬೇಕರಿಯವಳದು ಸುಟ್ಟು ಸುಟ್ಟು ಗಟ್ಟಿಯಾದದ್ದು. ಸಾಸಿವೆ ಗಾತ್ರದ ಗಂಟು ಅದಕ್ಕೆ ಒಗ್ಗದು. ಆಮೇಲೆ ಬಂದ ಕೈಯ ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಜರಡಿಯಂತೆ ಒರಟಾಗಿತ್ತು. ಅವಳು ಆ ಕೈ ಬಿಡಲಿಲ್ಲ.

ಗುಂಡಿ ಅಕ್ಕ. ಬೀಗದ ಅಂಗಡಿಯ ಪಕ್ಕದಲ್ಲೇ ಗುಂಡಿ ಹಾಕಿ, ಅಂಚು ಮಡಚಿ ಹೊಲಿದುಕೊಡುವವಳು.

“ಸ್ವಲ್ಪ ಒಳಗೆ ಬನ್ನಿ.” ಉಗ್ರಾಣಕ್ಕೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು. “ಇದನ್ನ ಕಟ್ಟಿದ್ದು ನೀವಾ?”

“ಹೂಂ, ನಾನೇ.” ಗುಂಡಿ ಅಕ್ಕನಿಗೆ ಮುಚ್ಚುಮರೆಯೇ ಇರಲಿಲ್ಲ. “ಕರೀದಕ್ಕೆ ಒಂದು, ನೀಲಿಗೆ ಎರಡು, ಕೆಂಪಿಗೆ ಮೂರು, ಹಸಿರಿಗೆ ನಾಲ್ಕು. ಬಿಳೀದು ಬೋಳು. ಎರಡು ವರ್ಷ ಆಯ್ತಲ್ಲ.”

“ಅಂದ್ರೆ, ಕಣ್ಣಿನ ವಿಷಯ ನಿಮ್ಮ ಹತ್ರಾನೂ ಹೇಳಿದ್ರು.” ತನಗೊಬ್ಬಳಿಗೇ ಕೊಟ್ಟದ್ದು ಎಂದು ನಂಬಿದ್ದ ಗುಟ್ಟು.

“ಹೇಳಿದ್ರು. ತಪ್ಪು ತಿಳ್ಕೋಬೇಡಿ ಅಕ್ಕಾ, ನಾನು ಯಾರ ಮುಂದೂ ಬಾಯಿ ಬಿಟ್ಟಿಲ್ಲ. ನಿಮ್ಮ ಕಣ್ಣು ಮಂಜಾಗ್ತಿದೆ, ಎದುರಿಗೆ ಅಂದ್ರೆ ನೊಂದ್ಕೋತೀರಿ ಅಂದ್ರು.”

“ನನ್ನ ಕಣ್ಣಾ?”

“ಒಂದಿನ ಕರೀದು ಅಂತ ನೀಲಿ ಕೊಟ್ರಂತಲ್ಲ. ‘ಬಣ್ಣ ಆರಿಸೋದು ಅವಳ ಕೆಲಸ, ತಪ್ಪಿಸಬಾರದು. ಅವಳ ಬೆರಳಿಗೆ ಗೊತ್ತಾಗೋ ಹಾಗೆ ಗಂಟು ಹಾಕ್ಕೊಡಿ’ ಅಂದ್ರು.” ಗುಂಡಿ ಅಕ್ಕ ಅವಳ ಮುಖ ನೋಡಿದಳು. “ಯಾಕೆ, ನಿಮಗೆ ಕೊಡ್ಲಿಲ್ವಾ?”

ಕಳ್ಳ! ತನ್ನ ಕುರುಡನ್ನು ಹೆಂಡತಿಯ ಕಣ್ಣಿಗೆ ಕಟ್ಟಿ, ಎರಡು ವರ್ಷ ಊರ ಮುಂದೆ ಮೆರೆದಿದ್ದಾನೆ. ಅವಳು ಪೆಟ್ಟಿಗೆಯಿಂದ ಒಂದನ್ನು ಸರಕ್ಕನೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಕರೀದು. ಯಾರು ನೋಡಿದರೂ ಕರೀದು.

“ಇದು ಯಾವ ಬಣ್ಣ?”

“ನೀಲಿ ಅಲ್ವಾ ಅಕ್ಕಾ.”

ಬಾಲ ಸವರಿದಳು. ಎರಡು ಗಂಟು, ನೀಲಿಯದೇ.

ಕಾಣದಿದ್ದದ್ದು ನನಗೊಬ್ಬಳಿಗೇ ಅಲ್ಲ, ಅವರಿಗೂ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹೊರಗೆ ಕೊಕ್ಕರೆಯ ದನಿ ಯಾರಿಗೋ ಮತ್ತೆ ಶುರುವಾಗಿತ್ತು: “ಅಣ್ಣನ ಕಣ್ಣೇ ಕಣ್ಣು...”

ಅವಳು ಸುಳ್ಳುಮೀನನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟಳು.

“ಕೊಟ್ಟಿದ್ರು,” ಎಂದಳು. “ಬೆರಳಲ್ಲೇ ನೋಡಿ ಆರಿಸ್ತಿದ್ದೆ. ಎಷ್ಟು ಚೆನ್ನಾಗಿ ಹಾಕಿದೀರಿ.”

ಗಾಡಿ ಬಂತು. ನಡುಮನೆಯಲ್ಲಿ ಎಲ್ಲರೂ ಎದ್ದರು. ಅವಳು ಪೆಟ್ಟಿಗೆ ಎತ್ತಿಕೊಂಡು ಹೊರಬಂದಳು.

“ಯಾವುದು ಇಡೋಣ ಅತ್ತಿಗೆ?” ಎಂದ ಕೊಕ್ಕರೆ.

“ನೀರು ಹೇಗಿದೆ ಇವತ್ತು?”

“ತಿಳಿಯಾಗಿದೆ. ಬಿಸಿಲೂ ಇದೆ.”

ಅವಳ ಬೆರಳು ಪೆಟ್ಟಿಗೆಯಲ್ಲಿ ಓಡಾಡಿ, ನಾಲ್ಕು ಗಂಟಿನದನ್ನು ಹಿಡಿದು ತಂದಿತು. ಕೊಕ್ಕರೆ ಮೂಗು ಒರೆಸಿಕೊಂಡ. “ಹಸಿರು! ಅಣ್ಣನೂ ಇದನ್ನೇ ಕಟ್ತಿದ್ರು.”

ಅಂಗಳದಲ್ಲಿ ಗಾಡಿ ಹತ್ತಿಸಲು ಮಗಳು ಕೈ ಚಾಚಿದಳು. ಅವಳು ಆ ಕೈ ದಾಟಿ, ಹಿಂದೆ ಸರಿದು ನಿಂತಿದ್ದ ಹೊಲಿಗೆಯವಳತ್ತ ತಿರುಗಿ, ಎಲ್ಲರಿಗೂ ಕೇಳುವಂತೆ, “ಬನ್ನಿ ಅಕ್ಕಾ, ನನಗೆ ಸರಿಯಾಗಿ ಕಾಣಲ್ಲ” ಎಂದಳು. ಅವಳು ಎತ್ತಿದ ಪಾದ ಗಾಡಿಯ ಮೆಟ್ಟಿಲು ಹುಡುಕುತ್ತ ಗಾಳಿಯಲ್ಲಿ ತಡವರಿಸಿತು. ಗುಂಡಿ ಅಕ್ಕ ಬಗ್ಗಿ, ಎರಡೂ ಕೈಯಲ್ಲಿ ಅದನ್ನು ಹಿಡಿದು, ಮೆಲ್ಲನೆ ಮೆಟ್ಟಿಲ ಮೇಲಿಟ್ಟಳು.