ಕೈಗೆ ತಿಳಿಯದ ಪೆಟ್ಟು

"ಏನೂ ಅನ್ನಿಸಲ್ಲ" ಎಂದ ಎಮೆಟ್.

ರೇಡಿಯೋ ಹುಡುಗಿ ಮೈಕನ್ನು ಇನ್ನಷ್ಟು ಹತ್ತಿರ ಹಿಡಿದಳು. "ಏನೂ ಅಂದ್ರೆ?"

"ಚೆಂಡು ಬ್ಯಾಟಿನ ಸರಿಯಾದ ಜಾಗಕ್ಕೆ ಬಿದ್ರೆ ಕೈಗೆ ಗೊತ್ತೇ ಆಗಲ್ಲ. ತಪ್ಪು ಜಾಗಕ್ಕೆ ಬಿದ್ರೆ ಬೆರಳೆಲ್ಲ ಜುಮ್ಮನ್ನತ್ತೆ. ಸರಿಯಾಗಿ ಬಿದ್ರೆ ಏನೂ ಇಲ್ಲ. ಬರೀ ಗಾಳಿಗೆ ಬೀಸಿದ ಹಾಗೆ."

"ಹಾಗಾದ್ರೆ ಆ ಮುನ್ನೂರ ಹನ್ನೊಂದು ಹೋಮ್ ರನ್..."

"ಮುನ್ನೂರ ಹನ್ನೊಂದು ಸಲ ಏನೂ ಅನ್ನಿಸಲಿಲ್ಲ."

ತಮಾಷೆ ಎಂದುಕೊಂಡು ಅವಳು ನಕ್ಕಳು. ಅವನೂ ನಕ್ಕ. ಇಷ್ಟು ವರ್ಷಗಳಲ್ಲಿ ಪತ್ರಿಕೆ, ರೇಡಿಯೋದವರಿಗೆ ಅವನು ಹೇಳಿದ ನಿಜ ಇದೊಂದೇ ಇರಬೇಕು. ಅದನ್ನು ಅವಳು ಪ್ರಸಾರ ಮಾಡುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಮೈದಾನದ ಬೇಲಿಯಾಚೆ ಮುಸುಕಿನ ಜೋಳದ ಹೊಲಗಳು ಆಗಸ್ಟಿನ ಬಿಸಿಲಿನಲ್ಲಿ ಅಲ್ಲಾಡದೆ ನಿಂತಿದ್ದವು. ಅಯೋವಾದ ಈ ಸಣ್ಣ ಊರಿನ ಬೇಸ್‌ಬಾಲ್ ತಂಡಕ್ಕೆ ಅವನು ಬಂದು ಮೂರು ವಾರವಾಗಿತ್ತು. ಇಲ್ಲಿ ಹುಡುಗರು ಮೇಲಿನ ದೊಡ್ಡ ತಂಡಕ್ಕೆ ಹತ್ತಲು ಕಾಯುತ್ತಾರೆ. ಅಲ್ಲಿಂದ ಇಳಿದವರು ಮತ್ತೆ ಹತ್ತಲು ಕಾಯುತ್ತಾರೆ. ಮೂವತ್ತಾರರ ಎಮೆಟ್ ಇಳಿದವನು. ಒಂದು ಕಾಲಕ್ಕೆ ವರ್ಷಕ್ಕೆ ನಲವತ್ತು ಸಲ ಚೆಂಡನ್ನು ಗ್ಯಾಲರಿಗೆ ಎತ್ತಿಹಾಕಿದವನು, ಇಲ್ಲಿಗೆ ಬಂದ ಮೇಲೆ ಒಂದು ಹೋಮ್ ರನ್ನನ್ನೂ ಹೊಡೆದಿರಲಿಲ್ಲ.

ಒಳಗೆ ಹೋಗುವ ಓಣಿಯಲ್ಲಿ ತಂಡದ ಗೊಂಬೆವೇಷವನ್ನು ಒಣಗಲು ತೂಗುಹಾಕಿದ್ದರು. ಆಳೆತ್ತರದ ಜೋಳದ ತೆನೆ, ಅದಕ್ಕೊಂದು ನಗುಮುಖ. ಆಟದ ನಡುವೆ ಯಾರೋ ಅದರೊಳಗೆ ಹೊಕ್ಕು ಮಕ್ಕಳ ಮುಂದೆ ಕುಣಿಯುತ್ತಿದ್ದರು. ವೇಷ ಹಾಕಿದವರು ಬಾಯಿ ಬಿಡಬಾರದೆಂಬ ನಿಯಮವಿತ್ತು. ಒಳಗಿರುವುದು ಯಾರೆಂದು ಎಮೆಟ್ ಕೇಳಿರಲಿಲ್ಲ.

"ಬಾ ಎಮೆಟ್" ಎಂದು ಮ್ಯಾನೇಜರ್ ವಿಟ್ಮರ್ ತನ್ನ ಕೋಣೆಯಿಂದ ಕರೆದ. "ಬಾಗಿಲು ಹಾಗೇ ಇರಲಿ."

ಎಮೆಟ್‌ಗೆ ಹೋದ ಜೀವ ಬಂದಂತಾಯಿತು. ಈ ಕಸುಬಿನಲ್ಲಿ ಮ್ಯಾನೇಜರ್ ಬಾಗಿಲು ಹಾಕು ಎಂದರೆ ಅಲ್ಲಿಗೆ ಮುಗಿಯಿತು. ಬಾಗಿಲು ತೆರೆದಿಟ್ಟುಕೊಂಡು ಯಾರನ್ನೂ ತಂಡದಿಂದ ತೆಗೆಯುವುದಿಲ್ಲ.

"ಮೇಲಿನವರು ಇವತ್ತು ತೀರ್ಮಾನ ಮಾಡ್ತಾರೆ. ಸೆಪ್ಟೆಂಬರ್‌ಗೆ ದೊಡ್ಡ ಹೊಡೆತದವನು ಒಬ್ಬ ಬೇಕಂತೆ. ನೀನು, ಇಲ್ಲಾ ಆ ಹೊಸ ಹುಡುಗ ಒನೆಲ್."

"ಒನೆಲ್ ಅಂತಾದ್ರೆ ನಾನು?"

ವಿಟ್ಮರ್ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು ಕಾಗದದ ಲೋಟಕ್ಕೆ ಉಗಿದ. "ತಿಂಡಿ ಆಯ್ತಾ?"

"ಆಯ್ತು."

"ಹಾಗಾದ್ರೆ ಹೋಗು. ಚೆನ್ನಾಗಿ ಹೊಡಿ."

ಹೊಡೆಯದಿದ್ದರೆ ಎಲ್ಲಿಗೆ ಹೋಗುವುದು? ಮನೆಗೆ. ಹೋದ ಚಳಿಗಾಲ ಪೂರ್ತಿ ಅವನು ಮನೆಯಲ್ಲಿದ್ದ. ಚಮಚ ಯಾವ ಡ್ರಾಯರಿನಲ್ಲಿದೆ ಎಂದು ದಿನವೂ ಕೇಳುತ್ತಿದ್ದ. ಒಂದು ಬೆಳಿಗ್ಗೆ ಅವನ ಹೆಂಡತಿ ಕೊರಿನ್, "ನೆಂಟರು ಕೇಳಿದ ಹಾಗೆ ಕೇಳ್ತೀಯಲ್ಲ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮರುದಿನದಿಂದ ಚಮಚ ಅವನ ತಟ್ಟೆಯ ಪಕ್ಕದಲ್ಲೇ ಇರತೊಡಗಿತು. ಅಂಗಳಕ್ಕೆ ಹೋಗಿ ಅವನು ಬ್ಯಾಟ್ ಬೀಸುತ್ತಿದ್ದ. ಅಲ್ಲಿ ಚೆಂಡಿರಲಿಲ್ಲ.

ಮಧ್ಯಾಹ್ನ ಆಟ ಶುರುವಾಯಿತು. ಮೊದಲೆರಡು ಸರದಿಯಲ್ಲೂ ಅವನು ಮೂರು ಮೂರು ಸಲ ಬೀಸಿ, ಚೆಂಡಿಗೆ ತಾಗಿಸದೆ, ಔಟಾಗಿ ಬಂದ.

"ಪ್ರೊಫೆಸರ್ರೇ" ಎಂದ ವಿಕೆಟ್‌ಕೀಪರಿನ ಹಾಗೆ ಕವಚ ತೊಟ್ಟು ಬೆಂಚಿನಲ್ಲಿದ್ದ, ಅವನದೇ ತಂಡದ ಕ್ಯಾಚರ್ ಡ್ರಿಸ್ಕಲ್. ಇತಿಹಾಸದಲ್ಲಿ ಪದವಿ ಮುಗಿಸಿದ್ದ ತಪ್ಪಿಗೆ ಎಮೆಟ್‌ಗೆ ಅಂಟಿದ ಹೆಸರು ಅದು. "ನೀವು ಬೀಸಿದ್ದಕ್ಕೆ ಇಲ್ಲಿ ನಮಗೆಲ್ಲ ಒಳ್ಳೆ ತಂಪಾಯ್ತು ನೋಡಿ. ಇನ್ನೊಂದ್ಸಲ ಬೀಸಿ, ಪುಣ್ಯ ಬರತ್ತೆ."

"ಬಿಲ್ ಕಳಿಸ್ತೀನಿ ತಗೋ."

ಬೆಂಚು ನಕ್ಕಿತು. ಎಮೆಟ್‌ಗೆ ಹಗುರವಾಯಿತು. ಇವರು ಗೇಲಿ ಮಾಡುವವರೆಗೂ ತಾನು ಇವರಲ್ಲೊಬ್ಬ.

ನಾಲ್ಕನೆಯ ಇನಿಂಗ್ಸಿನಲ್ಲಿ ಒನೆಲ್ ಹೊಡೆದ. ಡೊಮಿನಿಕನ್ ಹುಡುಗ, ಇಪ್ಪತ್ತು ವಯಸ್ಸು, ತಂಡಕ್ಕೆ ಹೊಸಬ. ಚೆಂಡು ಬೇಲಿ ದಾಟಿ ಜೋಳದೊಳಗೆ ಬಿತ್ತು. ನಾಲ್ಕೂ ಬೇಸ್ ಸುತ್ತಿ ಹಲ್ಲು ಕಿರಿಯುತ್ತ ಡಗ್‌ಔಟಿಗೆ ಬಂದರೆ ಯಾರೂ ತಲೆ ಎತ್ತಲಿಲ್ಲ. ಡ್ರಿಸ್ಕಲ್ ಶೂ ದಾರ ಕಟ್ಟಿಕೊಳ್ಳುತ್ತಿದ್ದ. ಎಮೆಟ್ ಅಂಗೈ ನೋಡಿಕೊಂಡ. ಹಳೆಯ ಕೀಟಲೆ ಅದು. ತಂಡಕ್ಕೆ ಬಂದವನು ಮೊದಲ ಹೋಮ್ ರನ್ ಹೊಡೆದಾಗ ಯಾರೂ ಅವನನ್ನು ಕಾಣದವರಂತೆ ಕೂರಬೇಕು. ಅವನ ಮುಖ ಬಾಡಿದ ಮೇಲೆ ಎಲ್ಲರೂ ಒಟ್ಟಿಗೆ ಮೇಲೆ ಬೀಳಬೇಕು.

"ಏಯ್, ನೋಡಿದ್ರಾ?" ಎಂದ ಒನೆಲ್. "ಏನ್ರೋ ಇದು? ಯಾರೂ ನೋಡ್ಲೇ ಇಲ್ವಾ?"

ಅವನು ಪೆಚ್ಚಾಗಿ ಹೆಲ್ಮೆಟ್ ಕಳಚುತ್ತಿದ್ದಂತೆ ಇಡೀ ಬೆಂಚು ಎದ್ದು ಅವನ ಮೇಲೆ ಬಿತ್ತು. ಯಾರೋ ನೀರಿನ ಡ್ರಮ್ಮನ್ನೇ ತಲೆಗೆ ಸುರಿದರು. ಎಮೆಟ್ ಕೂಡ ಕೂಗುತ್ತ ಕೈ ಚಾಚಿದ. ಆ ಗುಂಪಿನಲ್ಲಿ ಹುಡುಗನ ಬೆನ್ನು ಸಿಗದೆ ಬೇರೆ ಯಾರದೋ ಬೆನ್ನು ತಟ್ಟಿ ಬಂದು ಕೂತ.

ಏಳನೆಯ ಇನಿಂಗ್ಸಿನಲ್ಲಿ ವಿಟ್ಮರ್‌ನ ಫೋನು ಅದುರಿತು. ಅವನು ಓಣಿಗೆ ಹೋಗಿ ಮಾತಾಡಿ ಬಂದು ಮೈದಾನದ ಕಡೆ ಮುಖ ಮಾಡಿ ನಿಂತ. ಮುಖ ತೊಳೆಯಲು ಹೋಗಿದ್ದ ಡ್ರಿಸ್ಕಲ್ ಅವನ ಹಿಂದೆಯೇ ಬಂದು ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ. ಅವನು ಮುಂದಿನವನಿಗೆ ಹೇಳಿದ. ಮಾತು ಬೆಂಚಿನುದ್ದಕ್ಕೂ ಸರಿದು ಬಂತು. ಬೆಂಚಿನ ತುದಿಯಲ್ಲಿ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದ ಎಮೆಟ್‌ನ ಪಕ್ಕದವನವರೆಗೆ ಬಂದು ನಿಂತುಬಿಟ್ಟಿತು.

ಎಮೆಟ್ ನೋಡಿದ. ನೋಡದಂತೆ ನಟಿಸಿದ. ತನಗೂ ಅದೇ ಕೀಟಲೆಯ ಏರ್ಪಾಡು ನಡೆದಿದೆ. ಹಾಗಾದರೆ ತಾನು ಈ ಸಲ ಹೊಡೆಯುತ್ತೇನೆಂದು ಇವರಿಗೆ ನಂಬಿಕೆಯಿದೆ. ಮೂರು ವಾರಗಳಲ್ಲಿ ಮೊದಲ ಬಾರಿಗೆ ಬ್ಯಾಟು ಹಗುರವೆನ್ನಿಸಿತು.

ಎಂಟನೆಯ ಇನಿಂಗ್ಸಿನಲ್ಲಿ ಪಿಚರ್ ಎಸೆದ ಎರಡನೆಯ ಚೆಂಡು ಮೊಣಕಾಲಿನ ಮಟ್ಟಕ್ಕೆ, ಮೈಗೆ ಹತ್ತಿರ ಬಂತು. ಅವನು ಬೀಸಿದ.

ಕೈಗೆ ಏನೂ ತಿಳಿಯಲಿಲ್ಲ.

ಚೆಂಡು ಸ್ಕೋರ್‌ಬೋರ್ಡಿನ ಮೇಲೆ ಹಾದು, ಬೇಲಿಯಾಚೆ, ಒನೆಲ್‌ನ ಚೆಂಡು ಬಿದ್ದಿದ್ದಕ್ಕಿಂತ ಎಷ್ಟೋ ಆಚೆ ಮುಳುಗಿತು. ಜನ ಎದ್ದು ನಿಂತರು. ಅವನು ತಲೆ ತಗ್ಗಿಸಿ ಬೇಸ್ ಸುತ್ತಿದ. ನಗು ಬರುತ್ತಿತ್ತು, ಮೊದಲೇ ನಕ್ಕರೆ ಅವರ ಆಟ ಕೆಡುತ್ತದೆ.

ಡಗ್‌ಔಟಿನಲ್ಲಿ ಯಾರೂ ತಲೆ ಎತ್ತಲಿಲ್ಲ.

ಡ್ರಿಸ್ಕಲ್ ಕವಚದ ಪಟ್ಟಿ ಬಿಗಿಮಾಡಿಕೊಳ್ಳುತ್ತಿದ್ದ. ಒನೆಲ್ ಅರ್ಧ ಏಳಲು ಹೋದ, ಡ್ರಿಸ್ಕಲ್ ಅವನ ತೋಳು ಹಿಡಿದು ಕೂರಿಸಿದ. ಹುಡುಗನಿಗೆ ನಟನೆ ಬರುವುದಿಲ್ಲ ಎಂದುಕೊಂಡ ಎಮೆಟ್. ಬೆಂಚಿನುದ್ದಕ್ಕೂ ನಡೆಯುತ್ತ ಒಬ್ಬೊಬ್ಬನ ಮುಂದೆಯೂ, ಅವರ ಅಂಗೈಗೆ ತಟ್ಟುವವನಂತೆ, ಗಾಳಿಗೆ ಅಂಗೈ ತಟ್ಟಿದ. "ಥ್ಯಾಂಕ್ಸ್ ಡ್ರಿಸ್ಕಲ್. ಅಯ್ಯೋ, ಇಷ್ಟೊಂದು ಹೊಗಳಬೇಡ ಮಾರಾಯ." ಇಂಥ ಕೀಟಲೆಗೆ ಹೀಗೆಯೇ ಉತ್ತರ ಕೊಡಬೇಕು.

ಒಬ್ಬ ಬಗ್ಗಿ ನೀರಿನ ಬಾಟಲಿ ಎತ್ತಿಕೊಂಡ.

ಅವನು ಕೂತ. ನೀರು ಸುರಿದಾರೆಂದು ಕೈಗಡಿಯಾರ ಬಿಚ್ಚಿ ಟೋಪಿಯೊಳಗೆ ಇಟ್ಟ. ಚೆನ್ನಾಗಿ ಎಳೆಯುತ್ತಿದ್ದಾರೆ. ದೊಡ್ಡವನಿಗೆ ದೊಡ್ಡ ಕೀಟಲೆ. ಮೈದಾನದಲ್ಲಿ ಯಾರೋ ಔಟಾದರು, ಯಾರೋ ಓಡಿದರು. ಡ್ರಿಸ್ಕಲ್ ಮುಖವಾಡ ಎತ್ತಿಕೊಂಡು ಅವನನ್ನು ದಾಟಿ ಹೋದ. ಎಮೆಟ್‌ನ ಮೊಣಕಾಲಿಗೆ ತಾಗದ ಹಾಗೆ ಕಾಲನ್ನು ಸ್ವಲ್ಪ ಎತ್ತಿ ಹೋದ.

ಆಟದಲ್ಲಿ ಸೋತರು. ಎಲ್ಲರೂ ಒಳಗೆ ಬಂದು ಬಟ್ಟೆ ಬದಲಿಸತೊಡಗಿದರು. ಎಮೆಟ್ ಬದಲಿಸಲಿಲ್ಲ. ಒಣಗಿದ ಅಂಗಿಯಲ್ಲೇ ಕೂತಿದ್ದ. ಎದುರಿಗೆ ಒನೆಲ್ ತನ್ನ ಬ್ಯಾಟುಗಳನ್ನು ಉದ್ದನೆಯ ಚೀಲಕ್ಕೆ ತುಂಬುತ್ತಿದ್ದ. ಒಬ್ಬೊಬ್ಬರೇ ಅವನ ಬಳಿ ಬಂದು ತಗ್ಗಿದ ದನಿಯಲ್ಲಿ ಏನೋ ಹೇಳಿ, ಕತ್ತು ತಬ್ಬಿ ಹೋಗುತ್ತಿದ್ದರು.

"ಸಾಕು ಬಿಡ್ರೋ" ಎಂದ ಎಮೆಟ್ ಕೋಣೆಗೆಲ್ಲ ಕೇಳುವಂತೆ. "ಒಪ್ಕೊಂಡೆ. ಚೆನ್ನಾಗಿ ಮಾಡಿದ್ರಿ."

ಯಾರೋ ಸ್ನಾನದ ನಲ್ಲಿ ತಿರುಗಿಸಿದರು.

ವಿಟ್ಮರ್ ಬಾಗಿಲಲ್ಲಿ ನಿಂತಿದ್ದ. "ಎಮೆಟ್, ಸ್ವಲ್ಪ ನನ್ನ ಕೋಣೆಗೆ ಬಾ." ಅಷ್ಟು ಹೇಳಿ ತಿರುಗಿದವನು ಮತ್ತೆ ನಿಂತ. "ಬರ್ತಾ ಬಾಗಿಲು ಹಾಕ್ಕೊ."

ಎಮೆಟ್ ಎದ್ದ. ಮುಖದ ಮೇಲಿನ ನಗುವನ್ನು ಎಲ್ಲಿ ಇಳಿಸುವುದೆಂದು ಅವನಿಗೆ ತಿಳಿಯಲಿಲ್ಲ.

"ಹೋಗಿ ಬನ್ನಿ, ಪ್ರೊಫೆಸರ್" ಎಂದ ಡ್ರಿಸ್ಕಲ್, ಶೂ ನೋಡುತ್ತ. ಅದರಲ್ಲಿ ಗೇಲಿ ಇರಲಿಲ್ಲ.

ಓಣಿಯಲ್ಲಿ ಜೋಳದ ತೆನೆಯ ವೇಷವನ್ನು ಮತ್ತೆ ತೂಗುಹಾಕಿದ್ದರು. ಯಾರದೋ ಬೆವರಿನಲ್ಲಿ ನೆನೆದು ಅದು ಇನ್ನೂ ತೊಟ್ಟಿಕ್ಕುತ್ತಿತ್ತು. ತಲೆಯನ್ನು ಕಳಚಿ ಬಕೆಟ್ಟಿನ ಮೇಲೆ ಕೂರಿಸಿದ್ದರು. ಅದು ಬೆಳಿಗ್ಗೆ ನಕ್ಕಷ್ಟೇ ನಗುತ್ತಿತ್ತು. ನಾಲ್ಕು ಬೆರಳಿನ ದೊಡ್ಡ ಬಿಳಿ ಕೈಗವಸು ಅವನ ಮುಖದ ಎತ್ತರಕ್ಕೆ, ಅಂಗೈ ತೆರೆದು ನೇತಾಡುತ್ತಿತ್ತು.

"ಎಮೆಟ್?" ಒಳಗಿನಿಂದ ವಿಟ್ಮರ್ ಕರೆದ.

ಅವನು ಆಚೀಚೆ ನೋಡಿದ. ಬಲಗೈಯನ್ನು ಹಿಂದಕ್ಕೆ ಎಳೆದು, ಇದ್ದ ಬಲವನ್ನೆಲ್ಲ ಹಾಕಿ ಆ ಅಂಗೈಗೆ ಹೊಡೆದ.

ಕೈಗವಸು ಒಳಕ್ಕೆ ಕುಸಿದು ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು, ಮತ್ತೆ ಹಿಂದಕ್ಕೆ ಹೋಯಿತು. ಅವನ ಕೈಗೆ ಏನೂ ತಿಳಿಯಲಿಲ್ಲ.