ರೀಫಂಡಿಗಾಗಿ ಅತ್ತೆ ಮಲಗಲಿಲ್ಲ

ಆಸ್ಪತ್ರೆಯ ಲಾಂಡ್ರಿಯಲ್ಲಿ ಆ ತಿಂಗಳು ಯಾರೂ ಯಾರನ್ನೂ ಚೆನ್ನಾಗಿದ್ದೀಯಾ ಅಂತ ಕೇಳುತ್ತಿರಲಿಲ್ಲ. ಎದುರಿಗೆ ಸಿಕ್ಕವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು.

"ಬಂತಾ?"

"ಇಲ್ಲ ಕಣೆ. ನಿಂಗೆ?"

"ನಂಗೆಲ್ಲಿಂದ ಬರುತ್ತೆ."

ಬರಬೇಕಾಗಿದ್ದದ್ದು ರೀಫಂಡ್. ಪ್ರತಿ ತಿಂಗಳೂ ಸಂಬಳದಲ್ಲಿ ತೆರಿಗೆ ಅಂತ ಹಿಡಿದುಕೊಂಡಿದ್ದ ದುಡ್ಡು. ಆ ವರ್ಷ ಕಾನೂನು ಬದಲಾಗಿತ್ತು. ಇವರಷ್ಟು ಸಂಬಳದವರು ತೆರಿಗೆ ಕಟ್ಟಬೇಕಾಗಿಲ್ಲ ಅಂತ ಆಗಿತ್ತು. ಹಾಗಂತ ಹಿಡಿದ ದುಡ್ಡು ತಾನಾಗಿ ನಡೆದುಕೊಂಡು ಮನೆಗೆ ಬರುವುದಿಲ್ಲವಲ್ಲ. ವರ್ಷದ ಆದಾಯದ ವಿವರ ಬರೆದು ರಿಟರ್ನ್ ಸಲ್ಲಿಸಬೇಕು, ಆಮೇಲೆ ಕಾಯಬೇಕು.

ಲಾಂಡ್ರಿಯ ಎಲ್ಲರ ರಿಟರ್ನನ್ನೂ ಸಲ್ಲಿಸುತ್ತಿದ್ದವನು ಒಬ್ಬನೇ, ಮೇಸ್ತ್ರಿಯ ಭಾವಮೈದುನ. ಎಲ್ಲರೂ ಅವನನ್ನು ರೀಫಂಡ್ ರಾಯ ಅಂತಲೇ ಕರೆಯುತ್ತಿದ್ದರು. ಊಟದ ಬಿಡುವಿನಲ್ಲಿ ಬರುವನು, ಸಹಿ ಹಾಕಿಸಿಕೊಳ್ಳುವನು, ಹೋಗುವನು. ಏನು ಬರೆದಿದ್ದಾನೆ ಅಂತ ಕೇಳಿದವರಿಲ್ಲ. ಬಂದದ್ದರಲ್ಲಿ ಮೂರನೇ ಒಂದು ಪಾಲು ಅವನದು.

ಬಿಸಿ ಉರುಳೆಯ ಇಸ್ತ್ರಿ ಯಂತ್ರಕ್ಕೆ ಒದ್ದೆ ಹಾಸುಬಟ್ಟೆ ಕೊಡುವ ಕೆಲಸ ನಮ್ಮ ಕಥೆಯ ಸೊಸೆಯದು. ಅವಳ ಮಾತು ಯಂತ್ರದ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಯಂತ್ರ ನಿಂತಾಗಲೂ ಅವಳು ಅಷ್ಟೇ ಮೆಲ್ಲಗೆ ಮಾತಾಡುತ್ತಿದ್ದಳು ಅನ್ನುವುದು ಬೇರೆ ಮಾತು. ಆ ರೀಫಂಡನ್ನು ಅವಳು ಅತ್ತೆಗೆ ಹಲ್ಲು ಕಟ್ಟಿಸಲು ಅಂತ ಮನೆಯಲ್ಲಿ ಆಗಲೇ ಹೇಳಿಟ್ಟಿದ್ದಳು. ಅತ್ತೆಗೆ ಬಾಯಲ್ಲಿ ಹಲ್ಲಿರಲಿಲ್ಲ. ಏನು ಕೊಟ್ಟರೂ ನೆನೆಸಿ, ಕಿವುಚಿ ನುಂಗುತ್ತಿದ್ದಳು. ಹಲ್ಲೊಂದು ಬಿಟ್ಟರೆ ಅತ್ತೆಗೆ ಯಾವ ಕೊರತೆಯೂ ಇರಲಿಲ್ಲ. ತುಂಬಿದ ಗ್ಯಾಸ್ ಸಿಲಿಂಡರನ್ನು ಒಬ್ಬಳೇ ಒಳಗೆ ತರುವ ಹೆಂಗಸು.

ಒಂದು ರಜೆಯ ಬೆಳಗ್ಗೆ ತೆರಿಗೆ ಆಫೀಸಿನ ಹೆಂಗಸೊಬ್ಬಳು ಮನೆಗೆ ಬಂದಳು. ಮೊದಲು ಗುರುತಿನ ಚೀಟಿ ತೋರಿಸಿದಳು.

"ಈ ಮನೇಲಿ ಹಾಸಿಗೆ ಹಿಡಿದ ಹಿರಿಯರೊಬ್ಬರು ಇದ್ದಾರಲ್ಲ, ಅವರನ್ನ ನೋಡಬೇಕಿತ್ತು."

ಸೊಸೆ ಅವಳ ಮುಖವನ್ನೇ ನೋಡಿದಳು. "ಹಾಸಿಗೆ ಹಿಡಿದವರಾ? ನಮ್ಮ ಮನೇಲಾ?"

"ಯಾರೇ ಅದು?" ಅಂತ ಮೇಲಿಂದ ದನಿ ಬಂತು. ತಾರಸಿಯ ಮೇಲಿನ ನೀರಿನ ಟ್ಯಾಂಕಿನೊಳಗಿಂದ ಅತ್ತೆಯ ತಲೆ ಹೊರಗೆ ಬಂತು. ಕೈಯಲ್ಲಿ ಬ್ರಷ್ಷು, ಮುಖದ ತುಂಬ ಪಾಚಿ.

"ಅವರು ನಮ್ಮ ಅತ್ತೆ. ಹಿರಿಯರು ಅಂದ್ರೆ ಇವರೊಬ್ಬರೇ," ಅಂದಳು ಸೊಸೆ.

ಅತ್ತೆ ಬಕೆಟ್ಟು ಹಿಡಿದು ಏಣಿ ಇಳಿದು ಬರುವ ತನಕ ಆಫೀಸಿನ ಹೆಂಗಸು ನೋಡುತ್ತಲೇ ನಿಂತಿದ್ದಳು. "ನಿಮ್ಮ ಸೊಸೆ ಕೊಟ್ಟ ರಿಟರ್ನ್‌ನಲ್ಲಿ, ನಿಮಗೆ ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ ಅಂತ ಬರೆದಿದೆ ಅಮ್ಮ. ಅದಕ್ಕೆ ಅಂತ ವಿನಾಯಿತಿ ಕೇಳಿದ್ದಾರೆ."

"ಯಾವ ಸೊಂಟ? ನಂದಾ?" ಅತ್ತೆ ಬಕೆಟ್ಟು ಕೆಳಗಿಟ್ಟಳು. "ಬಾಯಲ್ಲಿ ಹಲ್ಲಿಲ್ಲ ಅಂತ ಬರೆದಿದ್ರೆ ಒಪ್ಕೋತಿದ್ದೆ. ನನ್ನ ಸೊಂಟದ ಸುದ್ದಿಗೆ ಯಾಕೆ ಬಂದ್ರಂತೆ?"

"ಅದನ್ನ ನಾನು ಬರೆದಿಲ್ಲ ಮೇಡಂ," ಅಂದಳು ಸೊಸೆ.

"ಬರೆದೋರು ಯಾರೇ ಇರಲಿ, ಸಹಿ ನಿಮ್ಮದು. ಇಂಥವು ಬಹಳ ಬಂದಿವೆ, ಅದಕ್ಕೇ ಈ ವರ್ಷ ರೀಫಂಡ್ ತಡೆಹಿಡಿದು ಒಂದೊಂದಾಗಿ ನೋಡ್ತಿದ್ದೀವಿ. ತಪ್ಪಾಗಿದ್ರೆ ಗಡುವಿನೊಳಗೆ ನೀವೇ ತಿದ್ದಿ ಮತ್ತೆ ಸಲ್ಲಿಸಬಹುದು. ಇಲ್ಲ, ಬರೆದಿದ್ದೇ ನಿಜ ಅಂತೀರಾದರೆ ಡಾಕ್ಟರ ಸರ್ಟಿಫಿಕೇಟ್ ಇಟ್ಟಿರಿ. ಮುಂದಿನ ವಾರ ಇನ್ನೊಂದು ಸಲ ಬರ್ತೀನಿ."

ಸಂಜೆಯೊಳಗೆ ಸುದ್ದಿ ಮುಟ್ಟಿ ರೀಫಂಡ್ ರಾಯ ಓಡಿಬಂದ. ಸೊಸೆಯ ಗಂಡ ಆಗ ತಾನೆ ಸ್ಕೂಲ್ ವ್ಯಾನ್ ತೊಳೆದು ಒಳಗೆ ಬಂದಿದ್ದ.

"ಗಾಬರಿ ಬೇಡ," ಅಂದ ರಾಯ, ಕುರ್ಚಿ ತಾನೇ ಎಳೆದುಕೊಂಡು. "ಸರ್ಟಿಫಿಕೇಟು ನನ್ನ ಜವಾಬ್ದಾರಿ. ಆಕೆ ಬರೋ ದಿನ ಅಮ್ಮ ಮಲಗಿದ್ರೆ ಸಾಕು."

"ಆಕೆ ಅಮ್ಮನ್ನ ಟ್ಯಾಂಕಲ್ಲಿ ನೋಡಿದ್ದಾಳಲ್ಲಪ್ಪ," ಅಂದ ಗಂಡ.

"ಆಮೇಲೆ ಅದೇ ಟ್ಯಾಂಕಿಂದ ಬಿದ್ರು ಅನ್ನಿ. ಎಷ್ಟು ಹೊತ್ತಿನ ಕೆಲಸ?"

ಗಂಡ ಅಮ್ಮನ ಕಡೆ ತಿರುಗಿದ. "ಒಂದು ದಿನ ಮಲಗಿದ್ರೆ ಏನಮ್ಮ ಗಂಟು ಹೋಗುತ್ತೆ? ಎಲ್ಲಾರೂ ಮಾಡೋದೇ. ಹಲ್ಲಿನ ಡಾಕ್ಟರು ಏನು ಪುಕ್ಕಟೆ ಕಟ್ತಾರಾ?"

ಅತ್ತೆ ನಾಲಗೆಯಿಂದ ಒಸಡು ಸವರಿಕೊಂಡಳು. ಹಲ್ಲಿನ ಆಸೆ ಸಣ್ಣದಲ್ಲ. ಗೊಣಗುತ್ತಲೇ ಹಾಸಿಗೆ ಬಿಚ್ಚಿ ಅಡ್ಡಾದಳು. "ಹಿಂಗಾ?"

"ಆ ಕೈ ಸ್ವಲ್ಪ ಜೋತು ಬಿಡಿ. ಹಾಂ. ಬಾಯಿ ಒಂಚೂರು ಓರೆ."

ಅತ್ತೆ ಬಾಯಿ ಓರೆ ಮಾಡಿದಳು.

ಬಾಗಿಲ ಬಳಿ ನಿಂತಿದ್ದ ಸೊಸೆಗೆ ಅದನ್ನು ನೋಡಲಾಗಲಿಲ್ಲ. ಎದ್ದೇಳಲಾರದವರ ಹಾಸುಬಟ್ಟೆ ಹೇಗಿರುತ್ತದೆ ಅಂತ ಅವಳಿಗೆ ಗೊತ್ತಿತ್ತು. ವಾರ್ಡಿನಿಂದ ಬರುವ ರಾಶಿಯಲ್ಲಿ ಅದನ್ನು ಮುಟ್ಟಿಯೇ ಹೇಳುತ್ತಿದ್ದಳು. ಒಂದೇ ಕಡೆ ಸವೆದಿರುತ್ತದೆ. ಅಂಚನ್ನು ಯಾರೋ ಮುಷ್ಟಿಯಲ್ಲಿ ಹಿಡಿದು ಹಿಡಿದು ಸುಕ್ಕಾಗಿರುತ್ತದೆ, ಎಷ್ಟು ಬಿಸಿ ಉರುಳೆಗೆ ಕೊಟ್ಟರೂ ಆ ಸುಕ್ಕು ಹೋಗುವುದಿಲ್ಲ.

"ಏಳಿ ಅತ್ತೆ."

ಯಾರಿಗೂ ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಅಂದಳು. ಈ ಸಲ ಪಕ್ಕದ ಮನೆಗೂ ಕೇಳಿಸಿತು.

"ಏಳಿ ಅತ್ತೆ. ನಿಜವಾಗಿ ಮಲಗಿದವರ ಬಟ್ಟೆಗೇ ನಾನು ದಿನಾ ಇಸ್ತ್ರಿ ಹಾಕ್ತೀನಿ. ಈ ವಿನಾಯಿತಿ ಇರೋದು ಅವರಿಗೆ. ನಿಮ್ಮನ್ನ ಮಲಗಿಸಿ ಅದನ್ನ ನಾನು ತಗೊಳ್ಳೋದಿಲ್ಲ."

"ಏನಮ್ಮ, ನಿಂಗೂ ಬಾಯಿ ಬಂತಾ?" ರಾಯ ನಕ್ಕ. "ಮೇಸ್ತ್ರಿ ಭಾವನಿಗೆ ಗೊತ್ತಾದ್ರೆ ನಾಳೆ ನೀನು ಎಲ್ಲಿರ್ತೀಯ ಗೊತ್ತಲ್ಲ?"

"ಹೇಳ್ಕೊಳ್ಳಿ. ನನ್ನ ಪಾಸ್‌ವರ್ಡ್ ಕೊಟ್ಟು ಹೋಗಿ."

"ಪಾಸ್‌ವರ್ಡ್ ತಗೊಂಡು ಏನ್ ಮಾಡ್ತೀಯ? ಅದರಲ್ಲಿರೋ ಫೋನ್ ನಂಬರು ನಂದು, ಬ್ಯಾಂಕ್ ಖಾತೆ ನಂದು."

ಗಂಡ ಮೆಲ್ಲಗೆ ಕೇಳಿದ, "ಅಂದ್ರೆ ದುಡ್ಡು ಮೊದಲು ನಿನ್ನ ಹತ್ರ ಬರುತ್ತಾ?"

ರಾಯ ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದಿದ್ದಳು. ಹಾಸಿಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಅವನ ಮುಂದೆ ನಿಂತಳು. "ನನ್ನ ಸೊಂಟ ಮುರಿದು, ನಿನ್ನ ಜೇಬು ತುಂಬೋದಾ? ಹೊರಡಯ್ಯ. ಬಾಯಿ ಓರೆ ಮಾಡೋದನ್ನ ನಿಮ್ಮ ಭಾವನಿಗೆ ಹೇಳಿಕೊಡು ಹೋಗು."

ರಾಯ ಹೆದರಿಸಿದಂತೆಯೇ ಮೇಸ್ತ್ರಿ ಮಾಡಿದ. ಮಾರನೇ ದಿನ ಸೊಸೆಯನ್ನು ಇಸ್ತ್ರಿ ಯಂತ್ರದಿಂದ ತೆಗೆದು, ಕೊಳಕು ಬಟ್ಟೆ ವಿಂಗಡಿಸುವ ಕೋಣೆಗೆ ಹಾಕಿದ. ಕಿಟಕಿ ಇಲ್ಲದ ಕೋಣೆ. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ವಾಸನೆ ಊಟದ ತನಕ ಹಿಂಬಾಲಿಸುತ್ತಿತ್ತು. ಅವಳು ಕೆಲಸ ಮುಗಿಸಿ ಕೈ ತೊಳೆದು, ಗಂಡನನ್ನೂ ಎಳೆದುಕೊಂಡು ನೇರ ಲೈಬ್ರರಿಗೆ ಹೋದಳು.

ಎದುರು ಮನೆಯ ಅಕ್ಕ ಅಲ್ಲಿ ಕೆಲಸಕ್ಕಿದ್ದಳು. ಸಂಜೆ ಹೊತ್ತು ಅಲ್ಲೇ ಒಂದು ಮೇಜು ಹಾಕಿ, ರಿಟರ್ನ್ ಸಲ್ಲಿಸುವವರಿಗೆ ಬಿಟ್ಟಿಯಾಗಿ ಸಹಾಯ ಮಾಡುತ್ತಿದ್ದಳು.

"ಗೊತ್ತಿಲ್ಲದೋರು ಕೈ ಹಾಕಿದ್ರೆ ಇರೋದೂ ಹೋಗುತ್ತೆ ಅಂತಾರೆ," ಅಂದ ಗಂಡ, ಇನ್ನೂ ಬಾಗಿಲಲ್ಲೇ ನಿಂತು.

"ಯಾರಂತಾರೆ?" ಅಂದಳು ಅಕ್ಕ.

"ರಾಯ."

"ಅವನು ಇನ್ನೇನು ಅಂತಾನೆ? ಒಳಗೆ ಬನ್ನಿ ಅಣ್ಣ."

ಲೈಬ್ರರಿ ಅಕ್ಕ ಸೊಸೆಯ ಗುರುತಿನ ಚೀಟಿ ನೋಡಿ, ಅದಕ್ಕೆ ಜೋಡಿಸಿದ್ದ ಅವಳ ಸ್ವಂತ ಫೋನ್ ನಂಬರಿನ ಮೂಲಕ ಪಾಸ್‌ವರ್ಡ್ ಬದಲಿಸುವ ದಾರಿ ತೋರಿಸಿದಳು. ಹೊಸ ಪಾಸ್‌ವರ್ಡ್ ಒತ್ತುವಾಗ ತಾನೇ ಮುಖ ಆಚೆ ತಿರುಗಿಸಿದಳು. "ನನಗೂ ಹೇಳಬೇಡ. ಫೋನಿಗೆ ಬರೋ ಓಟಿಪಿನೂ ಅಷ್ಟೇ, ಯಾರಿಗೂ ಹೇಳೋ ಹಾಗಿಲ್ಲ." ಆಮೇಲೆ ರಾಯನ ನಂಬರು ತೆಗೆಸಿ ಅವಳ ನಂಬರು ಹಾಕಿಸಿದಳು. ರಾಯನ ಖಾತೆ ತೆಗೆದು ಅವಳ ಖಾತೆ. ಸಂಬಳದ ವರ್ಷದ ಚೀಟಿಯಲ್ಲಿದ್ದ ತೆರಿಗೆಯೂ ಪರದೆಯ ಮೇಲಿದ್ದ ತೆರಿಗೆಯೂ ಒಂದೇನಾ ಅಂತ ಬೆರಳಿಟ್ಟು ನೋಡಿಸಿದಳು.

"ಲೆಕ್ಕ ಹಾಕೋಕೆ ಈಗ ಎರಡು ದಾರಿ ಇದೆ. ಹಳೇದರಲ್ಲಿ ಅದು ಖರ್ಚು, ಇದು ಖರ್ಚು ಅಂತ ವಿನಾಯಿತಿ ತೋರಿಸಬೇಕು. ಹೊಸದರಲ್ಲಿ ಅದ್ಯಾವುದೂ ಬೇಡ, ನಿನ್ನಷ್ಟು ಸಂಬಳಕ್ಕೆ ತೆರಿಗೆಯೇ ಇಲ್ಲ. ಎರಡೂ ಹಾಕಿ ನೋಡೋಣ, ಯಾವುದು ನಿಂಗೆ ಒಳ್ಳೇದೋ ಅದನ್ನ ನೀನೇ ಆರಿಸ್ಕೋ."

ಹೊಸ ದಾರಿಯಲ್ಲಿ, ಒಂದೇ ಒಂದು ಸುಳ್ಳಿಲ್ಲದೆ, ಹಿಡಿದದ್ದೆಲ್ಲ ವಾಪಸ್ ಬರುವಂತೆ ಲೆಕ್ಕ ಕೂತಿತು.

ಗಂಡ ಪರದೆಯನ್ನೇ ನೋಡಿದ. "ಮತ್ತೆ ಅವನು ನಮ್ಮಮ್ಮನ್ನ ಯಾಕೆ ಮಲಗಿಸಿದ?"

"ನಿಜ ಬರೆಯೋಕೆ ಮೂರರಲ್ಲೊಂದು ಪಾಲು ಯಾರು ಕೊಡ್ತಾರೆ ಅಣ್ಣ?"

ತಿದ್ದಿದ ರಿಟರ್ನನ್ನು ಪೂರ್ತಿ ಓದಿ, ಸೊಸೆ ತಾನೇ ಒಪ್ಪಿಗೆ ಒತ್ತಿದಳು. ಅವಳ ಹೆಸರಿನಲ್ಲಿ ಅವಳೇ ಸಲ್ಲಿಸಿದ ಮೊದಲ ರಿಟರ್ನ್ ಅದು. ಮುಂದಿನ ವಾರ ಆಫೀಸಿನ ಹೆಂಗಸು ಬಂದಾಗ, ಸಲ್ಲಿಸಿದ ರಸೀದಿ ತೋರಿಸಿದಳು. ಅತ್ತೆ ಆಕೆಗೆ ಚಹಾ ಕೊಟ್ಟಳು, ನಿಂತುಕೊಂಡೇ.

ಲಾಂಡ್ರಿಯಲ್ಲಿ ಮೇಸ್ತ್ರಿ ಊಟದ ಬಿಡುವಿನಲ್ಲಿ ಎಲ್ಲರ ಎದುರು ಕೂಗಾಡಿದ. "ಇವಳೊಬ್ಬಳ ಹಟಕ್ಕೆ ನಿಮ್ಮೆಲ್ಲರ ರೀಫಂಡ್‌ಗೆ ಕಲ್ಲು ಬಿತ್ತು, ನೋಡ್ಕೊಳ್ಳಿ."

ಸೊಸೆ ಡಬ್ಬಿ ಮುಚ್ಚಿ ಎದ್ದು ನಿಂತಳು.

"ಕಲ್ಲು ಹಾಕಿದ್ದು ನಿಮ್ಮ ಭಾವಮೈದುನ. ನಮ್ಮತ್ತೆಗೆ ಸೊಂಟ ಇಲ್ಲ ಅಂತ ಬರೆದ. ನಿಮ್ಮ ನಿಮ್ಮ ಮನೇಲಿ ಯಾರನ್ನ ಮಲಗಿಸಿದ್ದಾನೋ ನೋಡ್ಕೊಳ್ಳಿ. ಗಡುವು ಇನ್ನೂ ಮುಗಿದಿಲ್ಲ. ಸಂಜೆ ನಾನು ಲೈಬ್ರರಿಗೆ ಹೋಗ್ತೀನಿ. ಬರೋರು ಬನ್ನಿ."

ಆ ಸಂಜೆ ಬಂದವರು ಇಬ್ಬರೇ. ಅವರಲ್ಲಿ ಒಬ್ಬಳು ಪರದೆ ನೋಡಿ ತಲೆ ಮೇಲೆ ಕೈ ಹೊತ್ತಳು. "ನಮ್ಮ ಮಾವ ತೀರ್ಕೊಂಡು ಯಾವ ಕಾಲ ಆಯ್ತು. ಅವರಿಗೆ ಈಗ ಪಾರ್ಶ್ವವಾಯು ಬರಿಸಿದ್ದಾನಲ್ಲೇ. ಬದುಕಿದ್ದಾಗ ಅವರಿಗೆ ನೆಗಡಿನೂ ಆಗ್ತಿರಲಿಲ್ಲ."

ಈ ಮಾತು ಮರುದಿನ ಲಾಂಡ್ರಿಯೆಲ್ಲ ಸುತ್ತಿತು. ನಗು ಹಬ್ಬಿದಷ್ಟು ಬೇಗ ಭಯ ಹಬ್ಬುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಲೈಬ್ರರಿ ಅಕ್ಕ ಇನ್ನೊಂದು ಬೆಂಚು ತರಿಸಬೇಕಾಯಿತು. ಎಲ್ಲರೂ ಕೂಡಿ ರಾಯನ ಮೇಲೆ ದೂರನ್ನೂ ಕೊಟ್ಟರು.

ನಡುವೆ ಒಂದು ದಿನ ಗಂಡ ಹಿಗ್ಗಿನಿಂದ ಫೋನ್ ತಂದ. "ಲೇ, ಮೆಸೇಜ್ ಬಂದಿದೆ. ರೀಫಂಡ್ ಬೇಕಾದ್ರೆ ಈ ಲಿಂಕ್ ಒತ್ತಿ, ಕಾರ್ಡ್ ನಂಬರು ಹಾಕಿ ಅಂತ." ಸೊಸೆ ಅವನ ಕೈಯಿಂದ ಫೋನ್ ಕಿತ್ತುಕೊಂಡಳು. "ದುಡ್ಡು ಹಾಕೋಕೆ ಖಾತೆ ನಂಬರು ಅವರ ಹತ್ರ ಆಗಲೇ ಇದೆ. ಕಾರ್ಡ್ ಕೇಳೋನು ಹಾಕೋಕೆ ಬಂದಿಲ್ಲ, ತೆಗೆಯೋಕೆ ಬಂದಿದ್ದಾನೆ." ಮೆಸೇಜನ್ನು ಅಳಿಸಿದಳು.

ನಿಜವಾದ ರೀಫಂಡ್ ತಡವಾಗಿಯೇ ಬಂತು, ಆದರೆ ಇಡಿಯಾಗಿ, ಅವಳ ಖಾತೆಗೇ ಬಂತು. ಅತ್ತೆ ಹಲ್ಲಿನ ಅಳತೆ ಕೊಟ್ಟು ಬಂದು, ಆ ಡಾಕ್ಟರು ತುಂಬ ಮಾತಾಡಿಸುತ್ತಾನೆ, ಬಾಯಿ ಮುಚ್ಚೋಕೇ ಬಿಡಲ್ಲ ಅಂತ ದೂರಿದಳು.

ದೂರಿನ ವಿಚಾರಣೆ ಶುರುವಾದ ಮೇಲೆ ಮೇಸ್ತ್ರಿ ವಿಂಗಡಣೆ ಕೋಣೆಯ ಬಾಗಿಲಿಗೆ ಬಂದ. ಮೂಗಿಗೆ ಕರ್ಚೀಫು ಒತ್ತಿಕೊಂಡು ನಿಂತ.

"ನಾಳೆಯಿಂದ ಇಸ್ತ್ರಿ ಯಂತ್ರಕ್ಕೆ ಬಾಮ್ಮ. ಆ ದೂರಿನಿಂದ ನಿನ್ನ ಹೆಸರೊಂದು ತೆಗೆದುಬಿಡು, ಉಳಿದೋರೂ ತೆಗೀತಾರೆ."

ಸೊಸೆ ಕೈಯಲ್ಲಿದ್ದ ಬಟ್ಟೆಯನ್ನು ತೊಟ್ಟಿಗೆ ಹಾಕಿದಳು. "ಇಲ್ಲೇ ಇರ್ತೀನಿ. ಆ ಹೆಸರು ನಂದು, ಅಲ್ಲೇ ಇರಲಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕಾನೂನು ಬದಲಾದ ವರ್ಷ ಸುಳ್ಳಿನ ಅಂಗಡಿಗೆ ವ್ಯಾಪಾರ ಜೋರು. ನಿಮ್ಮ ಸಂಬಳದಿಂದ ಹಿಡಿದದ್ದು ನಿಮ್ಮ ಬೆವರು. ಅದನ್ನು ವಾಪಸ್ ಕೇಳುವುದಕ್ಕೆ ಯಾರ ಕಾಲೂ ಹಿಡಿಯಬೇಕಾಗಿಲ್ಲ, ಯಾರನ್ನೂ ಹಾಸಿಗೆ ಹಿಡಿಸಬೇಕಾಗಿಲ್ಲ. ನಿಮ್ಮ ಫೋನು, ನಿಮ್ಮ ಖಾತೆ, ನಿಮ್ಮ ಪಾಸ್‌ವರ್ಡು ನಿಮ್ಮಲ್ಲೇ ಇರಲಿ. ತಿಳಿಯದಿದ್ದರೆ ತಿಳಿದವರ ಪಕ್ಕ ಕೂತು ಕಲಿಯಿರಿ, ತಪ್ಪಿದ್ದರೆ ಗಡುವಿನೊಳಗೆ ತಿದ್ದಿ. ಈಗಾಗಲೇ ಯಾರಿಗೋ ಸಹಿ ಹಾಕಿ ಕೊಟ್ಟಿದ್ದೀರಾ? ಹಾಗಾದರೆ ಇವತ್ತೇ ಹೋಗಿ. ನನ್ನ ಹೆಸರಿನಲ್ಲಿ ಏನು ಬರೆದಿದ್ದೀಯ, ತೋರಿಸು ಅನ್ನಿ. ತೋರಿಸುವ ತನಕ ಅಲ್ಲಿಂದ ಕದಲಬೇಡಿ.